ಓದುಮಿತಿಯ ಆಚೆ

ಗದಗಿನ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಮೊದಲಿನಿಂದಲೂ ಇದ್ದವು. ಅವುಗಳ ಬುಡದಲ್ಲಿ ಸುಳಿವು ಕೇಂದ್ರ ಎದ್ದುನಿಂತದ್ದು ಮಾತ್ರ ಜಾಲದ ತೂಕದ ಕಾನೂನು ಬಂದಮೇಲೆ. ಅಂತರ್ಜಾಲವೊಂದೇ ದೊಡ್ಡದೊಂದು ದೇಶದಷ್ಟು ಕರೆಂಟು ನುಂಗತೊಡಗಿ, ಆಸ್ಪತ್ರೆಗೂ ನೀರಿನ ಪಂಪಿಗೂ ಸಾಲದಂತಾದಾಗ, ಪ್ರತಿ ರಾಜ್ಯವೂ ತನ್ನ ಹುಡುಕುಯಂತ್ರವನ್ನು ತನ್ನದೇ ಗಾಳಿ, ತನ್ನದೇ ಬಿಸಿಲಿನಿಂದ ನಡೆಸಿಕೊಳ್ಳಬೇಕೆಂದು ಕಟ್ಟಳೆಯಾಯಿತು. ಹಾಗೆ ಹುಟ್ಟಿದ್ದು ‘ಸುಳಿವು’.

ಅದರ ಕೆಲಸ ಕೇಳಲು ಸರಳವಾಗಿತ್ತು. ಗಾಳಿ ಜೋರಾಗಿದ್ದಾಗ ಯಂತ್ರ ಜಾಲದ ಒಂದೊಂದೇ ಪುಟಕ್ಕೆ ಹೋಗಿ ಓದಿ, ಯಾವ ಮಾತು ಯಾವ ಪುಟದಲ್ಲಿದೆ ಎಂದು ತನ್ನ ಸೂಚಿಯಲ್ಲಿ ಗುರುತು ಹಾಕಿಕೊಳ್ಳುತ್ತಿತ್ತು. ಜನ ಪ್ರಶ್ನೆ ಕೇಳಿದಾಗ ಅದು ನೋಡುತ್ತಿದ್ದುದು ಸೂಚಿಯನ್ನಷ್ಟೆ. ಸೂಚಿಯಲ್ಲಿ ಇಲ್ಲದ್ದು ಅದರ ಪಾಲಿಗೆ ಭೂಮಿಯ ಮೇಲೇ ಇಲ್ಲ. ಕರೆಂಟು ಉಳಿಸಲೆಂದು ಯಂತ್ರಕ್ಕೆ ಒಂದು ಅಂಕೆ ಹಾಕಿದ್ದರು. ಪುಟ ಎಷ್ಟೇ ಉದ್ದವಿರಲಿ, ಮೇಲಿನಿಂದ ಎರಡು ಲಕ್ಷ ಬೈಟು ಮಾತ್ರ ಓದಬೇಕು. ಅಲ್ಲಿಗೆ ನಿಂತು, ಸದ್ದಿಲ್ಲದೆ ಮುಂದಿನ ಪುಟಕ್ಕೆ ಹೋಗಬೇಕು. ಇದಕ್ಕೆ ಓದುಮಿತಿ ಎಂದು ಹೆಸರು.

ಓದುಮಿತಿಯನ್ನು ಗೊತ್ತುಮಾಡಿದವಳು ಓದು ವಿಭಾಗದ ಮುಖ್ಯಸ್ಥೆ ಮಂದಾಕಿನಿ ಹೊಂಬಳ. ನಲವತ್ತೇಳು ವಯಸ್ಸು, ಚುರುಕು ಬುದ್ಧಿ, ಮಾತು ಕಡಿಮೆ. ಇಡೀ ನಾಡಿನ ಪ್ರಶ್ನೆಗಳಿಗೆ ಅರವತ್ತು ಗಾಳಿಯಂತ್ರಗಳಲ್ಲಿ ಉತ್ತರ ಕೊಡಿಸಿದವಳೆಂದು ಅವಳಿಗೆ ಹೆಸರು ಬಂದಿತ್ತು. ಆ ಹೆಸರು ಅವಳಿಗೂ ಹಿತವಾಗಿತ್ತು. ಜನ ಆ ಹೊತ್ತಿಗೆ ಪುಟ ತೆರೆದು ಓದುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕಿವಿಯ ಹಿಂದೆ ಅಂಗಿಯ ಗುಂಡಿಯಷ್ಟು ಚಿಕ್ಕದೊಂದು ಬಿಲ್ಲೆ ಅಂಟಿಸಿಕೊಂಡು ಕೇಳುತ್ತಿದ್ದರು, ಅದು ಹೇಳುತ್ತಿತ್ತು. ಮೊದಮೊದಲು ಸುಳಿವು ‘ಸಿಗಲಿಲ್ಲ’ ಎನ್ನುತ್ತಿತ್ತು. ಹಾಗಂದರೇನು, ಇದೆಯೋ ಇಲ್ಲವೋ ಎಂದು ಜನ ರೇಗಿದರು. ಮಂದಾಕಿನಿಯೇ ಸಭೆಯಲ್ಲಿ ಕೂತು ಅದನ್ನು ‘ಇಲ್ಲ’ ಎಂದು ತಿದ್ದಿಸಿದ್ದಳು.

ಅದೇ ಸಭೆಯಲ್ಲಿ ಅವಳ ಕೈಕೆಳಗಿನ ಹಿರಿಯ ಎಂಜಿನಿಯರ್ ಇಮಾಮಸಾಬ ನದಾಫ ಒಂದು ಮಾತು ಎತ್ತಿದ್ದರು.

“ಮೇಡಂ, ನಾವು ಬೈಟಿನಾಗ ಅಳಿಯಾಕತ್ತೀವಿ. ಇಂಗ್ಲಿಷ್ ಅಕ್ಷರಕ್ಕ ಒಂದು ಬೈಟ್ ಸಾಕು. ನಮ್ಮ ‘ಕ’ಕ್ಕ ಮೂರು. ಗುಡಸು ಕೊಟ್ರ ಆರು. ‘ಸ್ತ್ರೀ’ ಅಂತ ಬರದ್ರ ಹದಿನೆಂಟು. ಅಂದ್ರ ಇಂಗ್ಲಿಷ್ ಪುಟ ಪೂರಾ ಓದತೈತಿ, ಅದ ಪುಟ ಕನ್ನಡದಾಗಿದ್ರ ಅರ್ಧಕ್ಕ ನಿಂದರತೈತಿ. ಅಕ್ಷರಾ ಎಣಸೂಣ್ರಿ, ಬೈಟ್ ಬ್ಯಾಡ.”

“ಇನ್ನೂ ಹನ್ನೊಂದು ಗಾಳಿಯಂತ್ರ ಬೇಕಾಗ್ತಾವ ನದಾಫರ. ಎಲ್ಲಿಂದ ತರೂದು?”

“ಹೋಗ್ಲಿ, ಅರ್ಧಾ ಓದಿದ ಪುಟಕ್ಕ ಒಂದು ಗುರುತರ ಹಾಕೂಣ್ರಿ. ‘ಇದನ್ನ ಪೂರಾ ಓದಿಲ್ಲ’ ಅಂತ ಅದು ಹೇಳ್ಲಿ.”

“ಮತ್ತ ಜನಾ ಐತೋ ಇಲ್ಲೋ ಅಂತ ಶುರು ಮಾಡ್ತಾರ. ಅಷ್ಟ ಕೆಳಗಿನತನಕಾ ಮುಖ್ಯ ಸಂಗತಿ ಯಾರು ಬರೀತಾರ?” ಎಂದು ಮಂದಾಕಿನಿ ಅವರ ಟಿಪ್ಪಣಿಯ ಮೇಲೆ ‘ಸದ್ಯಕ್ಕೆ ಬೇಡ’ ಎಂದು ಬರೆದು ಸಹಿ ಮಾಡಿದಳು.

ಆರು ತಿಂಗಳ ನಂತರ ಮಲಪ್ರಭೆ ಉಕ್ಕಿತು.

ಎರಡೇ ದಿನದಲ್ಲಿ ಹೊಳೆದಂಡೆಯ ಇಪ್ಪತ್ತೆಂಟು ಊರುಗಳಿಗೆ ನೀರು ನುಗ್ಗಿತು. ಸಿಕ್ಕಸಿಕ್ಕ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಹೊತ್ತು ಮೂರು ಜಿಲ್ಲೆಗಳ ನಲವತ್ತೊಂದು ಆಸರೆ ಕೇಂದ್ರಗಳಿಗೆ ಹಂಚಿಬಿಟ್ಟರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಪರಿಹಾರ ಸಮಿತಿಯೊಂದು ಎಲ್ಲ ಕೇಂದ್ರಗಳಿಂದ ಹೆಸರು ತರಿಸಿ, ಅಕಾರಾದಿಯಾಗಿ ಜೋಡಿಸಿ, ಒಂದೇ ಪುಟದಲ್ಲಿ ಹಾಕಿತು. ಒಟ್ಟು ಸಾವಿರದ ನೂರ ನಲವತ್ತು ಹೆಸರು. ನಿಮ್ಮವರು ಎಲ್ಲಿದ್ದಾರೆಂದು ಸುಳಿವನ್ನೇ ಕೇಳಿ ಎಂದು ಡಂಗುರ ಹೊಡೆಸಿತು.

ಮಂದಾಕಿನಿಯ ಮನೆಯಲ್ಲಿ ಅಡುಗೆ ಮಾಡುವ ಗಿರಿಜವ್ವನ ಅಕ್ಕ ಹಾಲವ್ವ ಆ ದಂಡೆಯವಳು. ಗಂಡ ತೀರಿದವಳು, ಮಕ್ಕಳಿಲ್ಲ. ಗಿರಿಜವ್ವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಸತ್ತಮೇಲೆ ತಂಗಿಗೆ ತಲೆ ಬಾಚಿ, ರೊಟ್ಟಿ ಬಡಿಯಲು ಕಲಿಸಿ, ಬೆಟಗೇರಿಯ ನೇಕಾರರ ಮನೆಗೆ ಮದುವೆ ಮಾಡಿಕೊಟ್ಟವಳು ಅವಳೇ. ನೀರು ಇಳಿದಮೇಲೆ ಗಿರಿಜವ್ವನ ಗಂಡ ಹೋಗಿ ನೋಡಿದರೆ ಮನೆ ಇದ್ದ ಜಾಗದಲ್ಲಿ ಮಣ್ಣಿನ ದಿಬ್ಬವಿತ್ತು, ಅದರಿಂದ ಒಂದು ಸೀರೆಯ ಸೆರಗು ಹೊರಗೆ ಬಂದಿತ್ತು.

ಗಿರಿಜವ್ವ ರೊಟ್ಟಿ ಬಡಿಯುತ್ತಲೇ ಕೇಳುವಳು: “ಸುಳಿವೇ, ಹಾಲವ್ವ ಗಂಡ ಸಿದ್ಲಿಂಗಪ್ಪ, ಎಲ್ಲಿ ಅದಾಳ?” ಬಿಲ್ಲೆ ಹೇಳುವುದು: “ಆ ಹೆಸರಿನವರು ಇಲ್ಲ.” ಕಾಯಿಪಲ್ಯೆ ಹೆಚ್ಚುವಾಗ ಮತ್ತೆ ಕೇಳುವಳು. ಭಾಂಡೆ ತಿಕ್ಕುವಾಗ ಮತ್ತೆ. ಒಂದೊಂದು ಸಲ ‘ಹಾಲಮ್ಮ’ ಎಂದು, ಒಂದೊಂದು ಸಲ ಬರೀ ‘ನಮ್ಮಕ್ಕ’ ಎಂದು. ಹತ್ತಿರದ ನಾಲ್ಕು ಕೇಂದ್ರಗಳಿಗೆ ಖುದ್ದು ಹೋಗಿ ಬಂದಳು. ಅಲ್ಲಿಯವರೂ ತಮ್ಮ ಬಿಲ್ಲೆಯನ್ನೇ ಕೇಳಿ, ಇಲ್ಲ ಎಂದು ತಲೆ ಆಡಿಸಿದರು.

ಒಂದು ಮುಂಜಾನೆ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮಂದಾಕಿನಿಯ ಮುಂದೆ ಬಂದು ನಿಂತಳು.

“ಬಾಯಾರ, ನಿಮ್ಮ ಆಫೀಸಿನಾಗ ದೊಡ್ಡ ಯಂತ್ರ ಇರತಾವಲ್ರಿ, ಅದರಾಗೊಮ್ಮೆ ನೋಡಿ ಬರ್ರಿ. ನನ್ನ ಕಿವ್ಯಾಗಿಂದು ಸಣ್ಣದು. ಅದಕ್ಕ ಪೂರಾ ಕಾಣೂದಿಲ್ಲೋ ಏನೋ.”

ಮಂದಾಕಿನಿಗೆ ನಗು ಬಂದಿತ್ತು. “ಎಲ್ಲಾ ಒಂದ ಯಂತ್ರ ಗಿರಿಜವ್ವಾ. ನಿನ್ನ ಕಿವ್ಯಾಗ ಹೇಳೂದೂ ಅದ, ನನ್ನ ಕಿವ್ಯಾಗ ಹೇಳೂದೂ ಅದ.” ಅವಳೆದುರೇ ಒಮ್ಮೆ ಕೇಳಿಯೂ ತೋರಿಸಿದಳು. ಅದೇ ಉತ್ತರ. “ಅದು ಇಲ್ಲ ಅಂದ್ರ ಇಲ್ಲ. ಮನಸ್ಸು ಗಟ್ಟಿ ಮಾಡ್ಕೋ.”

ಗಿರಿಜವ್ವ ಒಳಗೆ ಹೋಗಿ ಉಳಿದ ರೊಟ್ಟಿ ಬಡಿದಳು. ಅದಾದ ಎರಡು ದಿನಕ್ಕೆ ಮನೆಯವರೆಲ್ಲ ಸೇರಿ, ಹಾಲವ್ವ ತೀರಿಹೋದಳೆಂದೇ ತಿಳಿದು, ಗುರುವಾರ ಅವಳ ಶಿವಗಣಾರಾಧನೆಯ ಊಟ ಹಾಕುವುದೆಂದು ನಿಶ್ಚಯಿಸಿದರು. “ನೀವು ಬರಬೇಕ್ರಿ ಬಾಯಾರ,” ಎಂದು ಗಿರಿಜವ್ವ ಮಂದಾಕಿನಿಯನ್ನೂ ಅವಳ ಗಂಡ ವಸಂತರನ್ನೂ ಕರೆದಳು.

ಬುಧವಾರ ಮುಂಜಾನೆ ನದಾಫರು ಕೈಯಲ್ಲೊಂದು ಹಾಳೆ ಹಿಡಿದು ಮಂದಾಕಿನಿಯ ಕೋಣೆಗೆ ಬಂದರು. ಕೂಡ್ರಿ ಎಂದರೂ ಕೂಡ್ರಲಿಲ್ಲ.

“ರೋಣದಿಂದ ಒಬ್ರು ತಕರಾರು ಬರದಾರ್ರಿ. ಅವರ ತಮ್ಮ ಮಲ್ಲಿಕಾರ್ಜುನ, ಆಸರೆ ಕೇಂದ್ರದಾಗ ಅದಾನ ಅಂತ ಯಾರೋ ನೋಡಿ ಬಂದು ಹೇಳ್ಯಾರ. ಸುಳಿವು ಇಲ್ಲ ಅಂತದಂತ. ನಾ ಸೂಚಿ ತಗದು ನೋಡ್ದೆ. ಮಲ್ಲಿಕಾರ್ಜುನ ಇಲ್ಲ. ಆದ್ರ ‘ಮಲ್ಲಿಕಾ’ ಅಂತ ಒಬ್ಬಾಕಿ ಅದಾಳ. ಊರಿಲ್ಲ, ವಯಸ್ಸಿಲ್ಲ, ಗಂಡನ ಹೆಸರಿಲ್ಲ. ಅಕಿ ಆದಮ್ಯಾಲೆ ಯಾರೂ ಇಲ್ಲ.”

“ಯಾರೂ ಇಲ್ಲ ಅಂದ್ರ?”

“ಯಾರೂ ಇಲ್ರಿ. ಮಲ್ಲೇಶಪ್ಪ ಇಲ್ಲ, ಮುತ್ತವ್ವ ಇಲ್ಲ. ಯ ಇಲ್ಲ, ರ ಇಲ್ಲ, ವ, ಶ, ಸ, ಹ ಒಂದೂ ಇಲ್ಲ. ಎರಡು ಲಕ್ಷ ಬೈಟು ಅಲ್ಲಿಗೆ ಮುಗದಾವ.”

ಮಂದಾಕಿನಿ ಪುಟವನ್ನು ತೆರೆದು ನೋಡಿದಳು. ಸಮಿತಿಯವರು ಮೇಲ್ಗಡೆ ಐದು ಜನ ಗಣ್ಯರ ಭಾವಚಿತ್ರ ಹಾಕಿದ್ದರು. ಬೇರೆ ಕಡೆ ಇಟ್ಟು ಕೊಂಡಿ ಕೊಡುವ ಬದಲು ಚಿತ್ರಗಳನ್ನು ಪುಟದ ಒಡಲಿನಲ್ಲೇ ತುಂಬಿದ್ದರಿಂದ ಎಪ್ಪತ್ತು ಸಾವಿರ ಬೈಟು ಅವುಗಳಿಗೇ ಹೋಗಿತ್ತು. ಉಳಿದದ್ದರಲ್ಲಿ ಏಳುನೂರ ಒಂಬತ್ತು ಹೆಸರು ಹಿಡಿಸಿದ್ದವು. ಕೊನೆಯ ಹೆಸರು, ಮಲ್ಲಿಕಾರ್ಜುನ, ನಡುವೆಯೇ ತುಂಡಾಗಿತ್ತು. ಆ ತುಂಡಾದವನನ್ನೂ ಸೇರಿಸಿದರೆ ಓದದೆ ಬಿಟ್ಟವರು ನಾನೂರ ಮೂವತ್ತೆರಡು.

ಅವಳು ಬೆರಳಿನಿಂದ ಪುಟವನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಜಾರಿಸಿದಳು. ಸಾವಿರದ ಎಂಬತ್ತೇಳನೇ ಸಾಲು. ಹಾಲವ್ವ ಗಂಡ ಸಿದ್ದಲಿಂಗಪ್ಪ, ವಯಸ್ಸು ಎಪ್ಪತ್ತು, ಕುಷ್ಟಗಿಯ ಕಲ್ಯಾಣಮಂಟಪ, ಆರೋಗ್ಯ ಚೆನ್ನಾಗಿದೆ.

“ಇಂಗ್ಲಿಷಿನಾಗೂ ಒಂದು ಪುಟ ಐತ್ರಿ, ಮ್ಯಾಲಿನ ಸಾಹೇಬ್ರಿಗೆ ಅಂತ ಮಾಡಿದ್ದು,” ಎಂದರು ನದಾಫರು. “ಅದನ್ನ ಯಂತ್ರ ಪೂರಾ ಓದೈತಿ. ಇಂಗ್ಲಿಷಿನಾಗ ಕೇಳಿದ್ರ ಎಲ್ಲಾರೂ ಮೊದಲ ದಿನಾನ ಸಿಗತಿದ್ರು.”

ತಮ್ಮ ಹಳೆಯ ಟಿಪ್ಪಣಿಯ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಸಿಟ್ಟು ಮಾಡಲಾದರೂ ಒಂದು ನೆವ ಸಿಗುತ್ತಿತ್ತು. ಅವರು ಹೋದಮೇಲೆ ಮಂದಾಕಿನಿ ಪ್ರಶ್ನೆಗಳ ದಾಖಲೆ ತೆರೆದು ಹಾಲವ್ವನ ಹೆಸರಿನಲ್ಲಿ ಬಂದ ಪ್ರಶ್ನೆಗಳನ್ನು ಎಣಿಸಿದಳು. ಯಾಕೆ ಎಣಿಸಿದಳೋ ಅವಳಿಗೇ ಗೊತ್ತಿಲ್ಲ. ಒಂದೇ ಬಿಲ್ಲೆಯಿಂದ ಇನ್ನೂರ ಹದಿನಾಲ್ಕು ಸಲ. ಅಷ್ಟೂ ಸಲ ‘ಇಲ್ಲ’.

ಸರಿಪಡಿಸಲು ಎರಡು ದಾರಿಗಳಿದ್ದವು. ಕೇಂದ್ರದ ಕಾದಿಟ್ಟ ಬ್ಯಾಟರಿಗಳಿಂದ ಕರೆಂಟು ತೆಗೆದು ಆ ಪುಟವನ್ನು ಆಗಿಂದಾಗ ಪೂರ್ತಿ ಓದಿಸಬಹುದಿತ್ತು. ಹತ್ತು ನಿಮಿಷದ ಕೆಲಸ. ಆದರೆ ಅದಕ್ಕೆ ನಿರ್ದೇಶಕರ ಸಹಿ ಬೇಕು, ಕಾರಣವನ್ನು ಬರೆದು ಕೊಡಬೇಕು. ಇನ್ನೊಂದು ದಾರಿಯಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ. ಪರಿಹಾರದ ಪುಟಗಳಿಗೆ ಓದುಮಿತಿಯನ್ನು ಸಡಿಲಿಸಿ, ಮುಂದಿನ ಸುತ್ತಿಗೆ ಬಿಟ್ಟುಬಿಡುವುದು. ಗಾಳಿ ಎದ್ದಾಗ ಯಂತ್ರ ತಾನಾಗಿ ಹೋಗಿ ಓದಿಕೊಂಡು ಬರುತ್ತದೆ. ಇವತ್ತು ಗಾಳಿ ಬಿದ್ದಿದೆ. ನಾಳೆ ಸಂಜೆಗೆ ಏಳುತ್ತದೆಂದು ಹವಾಮಾನದವರು ಹೇಳಿದ್ದಾರೆ. ಆಮೇಲೆ ಗಿರಿಜವ್ವ ಕೇಳಿದರೆ ಸುಳಿವೇ ‘ಇದ್ದಾಳೆ’ ಎನ್ನುತ್ತದೆ. ಹೊಸದಾಗಿ ಪಟ್ಟಿಗೆ ಸೇರಿದಳೆಂದು ಎಲ್ಲರೂ ತಿಳಿಯುತ್ತಾರೆ. ಒಂದು ದಿನದಲ್ಲಿ ಏನಾಗುತ್ತದೆ? ಆರೋಗ್ಯ ಚೆನ್ನಾಗಿದೆ ಎಂದು ಬರೆದೇ ಇದೆಯಲ್ಲ.

ಅವಳು ಎರಡನೆಯ ದಾರಿಯನ್ನು ಹಿಡಿದಳು. ನದಾಫರನ್ನು ಮತ್ತೆ ಕರೆಸಿ, “ನಿರ್ದೇಶಕರ ಕೂಡ ನಾ ಮಾತಾಡ್ತೀನಿ, ನೀವು ಸದ್ಯ ಯಾರಿಗೂ ಹೇಳಬ್ಯಾಡ್ರಿ,” ಎಂದಳು. ಅವರು “ಆಯ್ತ್ರಿ,” ಎಂದು ಹೋದರು.

ಆ ಸಂಜೆ ಗಿರಿಜವ್ವ ಬರಲಿಲ್ಲ, ನಾಳಿನ ತಯಾರಿಯಲ್ಲಿದ್ದಳು. ಒಂದು ಮಾತು ಹೇಳಿ ಬರಲು ಬೆಟಗೇರಿಗೆ ಎರಡು ಕಿಲೋಮೀಟರು. ಮಂದಾಕಿನಿ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದಳು. ಹೇಳಿದರೆ ಅವಳು ಯಾವಾಗ ಗೊತ್ತಾಯಿತು, ಹೇಗೆ ಗೊತ್ತಾಯಿತು ಎಂದು ಕೇಳುತ್ತಾಳೆ. ‘ಅದು ಇಲ್ಲ ಅಂದ್ರ ಇಲ್ಲ’ ಎಂದವಳ ಬಾಯಿಂದ ಏನೆಂದು ಹೇಳುವುದು? ಚಪ್ಪಲಿ ಬಿಟ್ಟು ಒಳಗೆ ಬಂದಳು.

“ಯಾಕ, ಎಲ್ಲಿಗೆ ಹೊಂಟಿದ್ದಿ?” ಎಂದು ವಸಂತ ಕೇಳಿದರು.

“ಎಲ್ಲೂ ಇಲ್ಲ. ಹಾಲು ಐತೇನೋ ಇಲ್ಲೋ ಅಂತ…”

ಗುರುವಾರ ಮಧ್ಯಾಹ್ನ ಬೆಟಗೇರಿಯ ಆ ಪುಟ್ಟ ಮನೆಯಲ್ಲಿ ಮಗ್ಗವನ್ನು ಗೋಡೆಗೆ ಸರಿಸಿ ಜಾಗ ಮಾಡಿದ್ದರು. ಯಾರದೋ ಮದುವೆಯ ಫೋಟೋದಿಂದ ಹಾಲವ್ವನ ಮುಖವನ್ನಷ್ಟೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ವಿಭೂತಿ ಹಚ್ಚಿ ಮಾಲೆ ಏರಿಸಿದ್ದರು. ಮುಖ ಸ್ವಲ್ಪ ಮಸುಕಾಗಿತ್ತು. ಯಾರನ್ನೋ ನೋಡಿ ನಗುತ್ತಿದ್ದಳು. ಸ್ವಾಮಿಗಳು ಮಂತ್ರ ಹೇಳಿದರು. ಗಿರಿಜವ್ವ ಅಳುತ್ತಿರಲಿಲ್ಲ. ಬಂದವರನ್ನು ಸಾಲಾಗಿ ಕೂಡಿಸಿ ತಾನೇ ಬಡಿಸುತ್ತಿದ್ದಳು.

ಮಂದಾಕಿನಿಯ ಎಲೆಗೆ ಗೋಧಿ ಹುಗ್ಗಿ ಬಿತ್ತು, ಮೇಲೆ ತುಪ್ಪ ಬಿತ್ತು. “ಉಣ್ರಿ ಬಾಯಾರ. ನಮ್ಮಕ್ಕಗ ಹುಗ್ಗಿ ಅಂದ್ರ ಜೀವ ಇತ್ತು.”

ಆಗಲಾದರೂ ಹೇಳಬಹುದಿತ್ತು. ಎಲೆಯ ಮುಂದೆ ಎದ್ದುನಿಂತು, ನಿಲ್ಲಿಸಿ, ಆಕೆ ಬದುಕಿದ್ದಾಳೆ ಎಂದರೆ ಸಾಕಿತ್ತು. ಸುತ್ತ ನಲವತ್ತು ಜನ. ಎಲ್ಲರ ಕಿವಿಯ ಹಿಂದೆ ಬಿಲ್ಲೆ. ಮಂದಾಕಿನಿ ಹುಗ್ಗಿಯನ್ನು ಕಲಸಿದಳು, ತುತ್ತು ಮಾಡಿದಳು, ಬಾಯಿಗಿಟ್ಟಳು, ನುಂಗಿದಳು. ಪಕ್ಕದ ಹೆಣ್ಣುಮಗಳು ಇನ್ನಷ್ಟು ಹಾಕಿಸಿಕೊಳ್ಳಿರೆಂದು ಒತ್ತಾಯ ಮಾಡಿದಾಗ ಹಾಕಿಸಿಕೊಂಡಳು. ಮನೆಗೆ ಬಂದು ಬಚ್ಚಲಿಗೆ ಹೋಗಿ ಎಲ್ಲವನ್ನೂ ಕಾರಿದಳು. ಕಾರಿದ್ದರಿಂದ ಏನೂ ಹಗುರಾಗಲಿಲ್ಲ.

ಸಂಜೆ ಗಾಳಿ ಎದ್ದಿತು. ಗುಡ್ಡದ ಮೇಲಿನ ರೆಕ್ಕೆಗಳೆಲ್ಲ ತಿರುಗತೊಡಗಿದವು.

ಶುಕ್ರವಾರ ಇನ್ನೂ ಬಿಸಿಲೇರುವ ಮುಂಚೆಯೇ ಗಿರಿಜವ್ವ ಓಡುತ್ತ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಬಾಯಾರ! ಅದಾಳಂತ್ರಿ! ನಮ್ಮಕ್ಕ ಅದಾಳಂತ! ಏನೋ ಚಟಕ್ಕ ಬಿದ್ದಾಕ್ಯಾಂಗ ಇವತ್ತೂ ಕೇಳಿದ್ನಿ ನೋಡ್ರಿ, ಕುಷ್ಟಗ್ಯಾಗ ಅದಾಳಂತ ಹೇಳ್ತು!” ಎಂದವಳೇ ಬಗ್ಗಿ ಮಂದಾಕಿನಿಯ ಕಾಲು ಮುಟ್ಟಿದಳು. “ನೀವ ಮಾಡಿದ್ದು ಇದು. ನನಗ ಗೊತ್ತೈತಿ. ನಿನ್ನೆ ಉಣ್ಣಾಕ ಕುಂತಾಗ ನಿಮ್ಮ ಮಾರಿ ನೋಡಿದ್ನಿ, ಎಷ್ಟು ಬಾಡಿತ್ತು. ಆಫೀಸಿಗೆ ಹೋಗಿ ದೊಡ್ಡ ಯಂತ್ರದಾಗ ಹುಡುಕ್ಸೀರಿ. ಹೌದಲ್ರಿ?”

ಮಂದಾಕಿನಿ ಅವಳ ಭುಜ ಹಿಡಿದು ಎಬ್ಬಿಸಿದಳೇ ಹೊರತು ಅಲ್ಲ ಎನ್ನಲಿಲ್ಲ.

“ನೀವೂ ಬರ್ರಿ,” ಎಂದಳು ಗಿರಿಜವ್ವ. “ನಿಮ್ಮನ್ನ ತೋರಿಸಿ ಹೇಳ್ತೀನಿ ಅಕಿಗೆ.”

ಕಾರಿನಲ್ಲಿ ಕುಷ್ಟಗಿಗೆ ಹೋಗುವವರೆಗೂ ಗಿರಿಜವ್ವನ ಮಾತು ನಿಲ್ಲಲಿಲ್ಲ. ಫೋಟೋವನ್ನು ಅಟ್ಟದ ಮೇಲೆ ಮುಚ್ಚಿಟ್ಟಿದ್ದೇನೆ, ಅಕ್ಕ ನೋಡಿದರೆ ನಕ್ಕು ಸಾಯುತ್ತಾಳೆ ಎಂದಳು. ಬದುಕಿದ್ದವಳ ಹೆಸರಲ್ಲಿ ಊಟ ಹಾಕಿದರೆ ಆಯುಷ್ಯ ಹೆಚ್ಚಾಗುತ್ತದಂತೆ, ಹೌದೇ ಎಂದು ಕೇಳಿದಳು. ಮಂದಾಕಿನಿ ರಸ್ತೆಯನ್ನೇ ನೋಡುತ್ತ ಹೂಂ ಎಂದಳು.

ಕಲ್ಯಾಣಮಂಟಪದ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದರು. ಒಳಗೆ ಬಣ್ಣದ ಕುರ್ಚಿಗಳು, ಅಲಂಕಾರದವರ ಗದ್ದಲ. ನಿರಾಶ್ರಿತರು ಯಾರೂ ಇರಲಿಲ್ಲ. ಕಾವಲುಗಾರ ಬೀಡಿ ಆರಿಸಿ ಎದ್ದುಬಂದ.

“ಎಲ್ಲಾರ್ನೂ ನಿನ್ನೆ ಖಾಲಿ ಮಾಡ್ಸೇವಲ್ರಿ. ಮದುವಿ ಐತಿ. ಉಳದವರು ಹನ್ನೊಂದ ಮಂದಿ ಇದ್ರು. ಹಾಲವ್ವ ಅಂದ್ರ, ದಪ್ಪ ಕನ್ನಡಕದ ಮುದಿಕೇನ್ರಿ? ಅಕಿ ಮಧ್ಯಾಹ್ನದ ತನಕಾ ಇದ ಮೆಟ್ಟಿಲ ಮ್ಯಾಲೆ ಕುಂತಿದ್ಲು. ಯಾರರ ಬರ್ತಾರ, ಒಂದೀಟು ತಡೀರಿ ಅಂತಿದ್ಲು. ಆಮ್ಯಾಲೆ ಗಂಟು ತಗೊಂಡು ಎದ್ದು ಹೋದ್ಲು.”

“ಎಷ್ಟೊತ್ತಿಗೆ?” ಎಂದಳು ಮಂದಾಕಿನಿ.

“ಒಂದು ಒಂದೂವರಿ ಆಗಿತ್ತೇನ್ರಿ.”

ಆ ಹೊತ್ತಿಗೆ ಅವಳು ಎಲೆಯ ಮುಂದೆ ಕೂತಿದ್ದಳು. ತುಪ್ಪ ಬಡಿಸುತ್ತಿದ್ದ ಹೊತ್ತು. ಬುಧವಾರ ಹತ್ತು ನಿಮಿಷ, ಇಲ್ಲವೇ ಗುರುವಾರ ಮುಂಜಾನೆ ಒಂದು ಮಾತು, ಎರಡರಲ್ಲಿ ಯಾವುದಾಗಿದ್ದರೂ ಸಾಕಿತ್ತು. ತಂಗಿ ಬಂದು ಇದೇ ಮೆಟ್ಟಿಲ ಮೇಲಿಂದ ಕರೆದುಕೊಂಡು ಹೋಗುತ್ತಿದ್ದಳು. ಮಂದಾಕಿನಿ ಕಾರಿನ ಬಾಗಿಲನ್ನು ಹಿಡಿದುಕೊಂಡಳು. ಗಿರಿಜವ್ವ, “ಬಿಸಲಿಗೆ ತಲಿ ತಿರಗತೇನ್ರಿ?” ಎಂದು ತನ್ನ ನೀರಿನ ಬಾಟಲಿ ಚಾಚಿದಳು.

ಅಂದೂ ಮರುದಿನವೂ ಊರೆಲ್ಲ ತಿರುಗಿದರು. ಮಠ, ಆಸ್ಪತ್ರೆ, ಸಂತೆಯ ಕಟ್ಟೆ, ಎಲ್ಲ ಕಡೆ. ಈಗ ಸುಳಿವು ‘ಕಲ್ಯಾಣಮಂಟಪದಲ್ಲಿ ಇದ್ದಾರೆ’ ಎಂದೇ ಹೇಳುತ್ತಿತ್ತು; ಅದಕ್ಕೆ ಗೊತ್ತಿದ್ದುದು ಪುಟದಲ್ಲಿದ್ದಷ್ಟೇ. ಶನಿವಾರ ಸಂಜೆಯ ಮುಂದೆ, ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯೊಂದರ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ಗಿರಿಜವ್ವ ನಿಂತುಬಿಟ್ಟಳು. ಎರಡು ತಟ್ಟು, ಒಂದು ತಿರುವು, ಮತ್ತೆ ಎರಡು ತಟ್ಟು. “ಇದು ನಮ್ಮಕ್ಕನ ಕೈ,” ಎಂದವಳೇ ಒಳಗೆ ನುಗ್ಗಿದಳು.

ಹಾಲವ್ವ ಒಲೆಯ ಮುಂದಿದ್ದಳು. ತಂಗಿ ಬಂದು ಅಪ್ಪಿ, ಅತ್ತು, ಬೆನ್ನ ಮೇಲೆ ಗುದ್ದಿದರೂ ಅವಳು ತಿರುಗಿ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು.

“ಹೆಸರು ಬರಸಿದ್ದೆ,” ಎಂದಳು ನಿಧಾನವಾಗಿ. “ಊರು ಬರಸಿದ್ದೆ. ಗಂಡನ ಹೆಸರು ಬರಸಿದ್ದೆ. ತಂಗಿ ಬೆಟಗೇರ್ಯಾಗ ಅದಾಳ ಅಂತನೂ ಹೇಳಿದ್ದೆ. ಇಪ್ಪತ್ನಾಕು ದಿನಾ.”

“ಯಂತ್ರ ಇಲ್ಲ ಅಂತಿತ್ತು ಯಕ್ಕಾ! ದಿನಾ ಕೇಳೀನಿ.”

“ಬಾಜೂ ಹಾಸಿಗಿ ಬಸವ್ವನ್ನ ಎರಡನೇ ದಿನಾನ ಕರಕೊಂಡು ಹೋದ್ರು. ಗಂಗವ್ವಗ ಮಗಾ ಬಂದ. ದ್ಯಾಮಣ್ಣ ಹೋದ, ನಿಂಗವ್ವ ಹೋದ್ಲು, ಪಾರವ್ವ ಹೋದ್ಲು. ಅವರಿಗೆಲ್ಲಾ ಯಂತ್ರ ಹೌದಂತು. ನಾವು ಉಳದ್ವಿ. ಯಲ್ಲಪ್ಪ, ರುದ್ರವ್ವ, ಶಿವಪ್ಪ, ಸಾವಂತ್ರೆವ್ವ, ನಾನು. ಯಾರಿಗೂ ಬ್ಯಾಡಾದವರು. ಬ್ಯಾಡಾದ ಮನಿಗೆ ತಾವಾಗಿ ಹೆಂಗ ಹೋಗೂದು? ಕಡೀಕಡೀಗೆ ಒಬ್ಬರ ಮಾರಿ ಒಬ್ಬರು ನೋಡೂದೂ ಬಿಟ್ವಿ, ನಾಚಿಕಿ ಬಂದು.”

ಮಂದಾಕಿನಿ ಬಾಗಿಲಲ್ಲೇ ನಿಂತಿದ್ದಳು. ಹಾಲವ್ವ ಹೇಳಿದವರಲ್ಲಿ ಹೋದವರೆಲ್ಲ ಅಕಾರಾದಿಯಲ್ಲಿ ‘ಮ’ಕ್ಕಿಂತ ಮೊದಲಿನವರು, ಉಳಿದವರೆಲ್ಲ ಅದರ ಆಚೆಯವರು. ಆ ಮಂಟಪದಲ್ಲಿ ಬೇಕಾದವರನ್ನೂ ಬೇಡವಾದವರನ್ನೂ ಬೇರೆ ಮಾಡಿದ್ದು ಮಕ್ಕಳಲ್ಲ, ಬಂಧುಗಳಲ್ಲ. ಅವಳು ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಗೊತ್ತುಮಾಡಿದ ಒಂದು ಅಂಕೆ.

“ಯಕ್ಕಾ, ಇವರ ನಮ್ಮ ಬಾಯಾರು. ಇವರ ನಿನ್ನ ಹುಡುಕಿ ಕೊಟ್ಟವರು,” ಎಂದಳು ಗಿರಿಜವ್ವ.

“ಅಲ್ಲ,” ಎಂದಳು ಮಂದಾಕಿನಿ. ಒಳಗೆ ಬಂದು, ಹಿಟ್ಟಿನ ಪರಾತದ ಪಕ್ಕ ನೆಲದ ಮೇಲೆ ಕೂತಳು. “ನಾ ಹುಡುಕಿಲ್ಲ. ನಿಮ್ಮ ಹೆಸರು ಮೊದಲಿಂದ ಪುಟದಾಗ ಇತ್ರಿ. ಎಷ್ಟು ಓದಬೇಕು ಅಂತ ಯಂತ್ರಕ್ಕ ಹೇಳಾಕಿ ನಾನು. ‘ಮ’ದಾಗ ನಿಂದ್ರಿಸಿಬಿಟ್ಟೆ. ಅದರ ಮುಂದಿನವರನ್ನ ಅದು ನೋಡಲೇ ಇಲ್ಲ. ಹಂಗಾಗತೈತಿ ಅಂತ ನಮ್ಮ ನದಾಫರು ಮೊದಲ ಹೇಳಿದ್ರು. ನಾ ಕಿವಿಗೆ ಹಾಕ್ಕೊಳ್ಳಲಿಲ್ಲ. ನಿಮ್ಮ ತಂಗಿ ನಿಮ್ಮನ್ನ ಇನ್ನೂರ ಹದಿನಾಲ್ಕು ಸಲ ಕೇಳ್ಯಾಳ. ಯಂತ್ರದಾಗ ಲೆಕ್ಕ ಐತಿ.”

ಹಾಲವ್ವನ ಕೈ ಮೊದಲ ಸಲ ನಿಂತಿತು. ದಪ್ಪ ಕನ್ನಡಕದೊಳಗಿನಿಂದ ತಂಗಿಯನ್ನು ನೋಡಿದಳು.

“ಇನ್ನೂರು ಸಲ ಕೇಳಿದ್ಯಾ?”

“ಎಣಿಸ್ಯಾರ ಯಾರು,” ಎಂದು ಗಿರಿಜವ್ವ ಮೂಗು ಒರೆಸಿಕೊಂಡಳು. ಅಕ್ಕ ಹಿಟ್ಟಿನ ಕೈಯಿಂದಲೇ ಅವಳ ಗಲ್ಲ ಹಿಡಿದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಯಾರೂ ತೆಗೆಯಲಿಲ್ಲ.

ಆಮೇಲೆ ಗಿರಿಜವ್ವ ತಿರುಗಿ ಕೇಳಿದಳು: “ನಿಮಗ ಯಾವಾಗ ಗೊತ್ತಾತ್ರಿ ಬಾಯಾರ?”

ಇದೊಂದನ್ನು ಕೇಳದಿದ್ದರೆ ಸಾಕೆಂದು ಮಂದಾಕಿನಿ ಮೂರು ದಿನಗಳಿಂದ ಬೇಡಿಕೊಂಡಿದ್ದಳು.

“ಬುಧವಾರ ಮುಂಜಾನೆ.”

ಗಿರಿಜವ್ವ ಮನಸ್ಸಿನಲ್ಲೇ ದಿನ ಎಣಿಸುವುದು ಕಾಣಿಸುತ್ತಿತ್ತು. “ಗುರುವಾರ ನಮ್ಮ ಮನ್ಯಾಗ ಕುಂತು ಉಂಡ್ರಿ,” ಎಂದಳು, ಅಷ್ಟೆ. ಬಳಿಕ ಅಕ್ಕನ ಗಂಟನ್ನು ಎತ್ತಿಕೊಂಡು, “ನಡೀ ಯಕ್ಕಾ, ಬಸ್ಸಿಗೆ ಹೋಗೂಣು,” ಎಂದಳು. ಕಾರಿನ ಕಡೆ ನೋಡಲಿಲ್ಲ.

ಹಾಲವ್ವ ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. “ಸಾವಂತ್ರೆವ್ವ ಎಲ್ಲಿ ಹೋದ್ಲೋ ಗೊತ್ತಿಲ್ಲ. ಮಗಾ ಬ್ಯಾಡ ಅಂದಾನ ಅಂತ ತಿಳಕೊಂಡು ಹೋದ್ಲು. ನನಗ ಹೇಳಿದ್ದನ್ನ ಅಕಿಗೂ ಹೇಳ್ರಿ.”

ಸೋಮವಾರ ಮಂದಾಕಿನಿ ನಡೆದದ್ದನ್ನೆಲ್ಲ ಬರೆದು ನಿರ್ದೇಶಕರ ಮುಂದಿಟ್ಟಳು, ಬುಧವಾರ ತಾನು ಮಾಡಿದ್ದನ್ನೂ ಬಿಡದೆ. ಅವರು ಓದಿ, “ಇಷ್ಟೆಲ್ಲ ಯಾಕ? ತಾಂತ್ರಿಕ ಕಾರಣ ಅಂತ ಒಂದ ಸಾಲು ಹಾಕ್ರಿ. ದೋಷ ಹಿಡದು ಸರಿ ಮಾಡಿದವರು ನೀವ ಅಲ್ಲೇನು? ಸಮಿತಿಯವರು ಹೊಗಳ್ಯಾರ,” ಎಂದರು. ಅವಳು ಬರೆದದ್ದರಲ್ಲಿ ಒಂದು ಸಾಲನ್ನೂ ಬದಲಿಸಲಿಲ್ಲ. ತನ್ನ ಕುರ್ಚಿಯನ್ನು ನದಾಫರಿಗೆ ಬಿಟ್ಟುಕೊಟ್ಟು, ಓದುಮಿತಿಯನ್ನು ಅಕ್ಷರದಲ್ಲಿ ಅಳೆಯುವ ಆದೇಶಕ್ಕೆ ಅವರಿಂದಲೇ ಸಹಿ ಹಾಕಿಸಿ, ನಾನೂರ ಮೂವತ್ತೆರಡು ಹೆಸರುಗಳ ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಹೊರಬಿದ್ದಳು. ಹೆಚ್ಚಿನವರು ಅಷ್ಟರಲ್ಲಿ ಮನೆ ಸೇರಿದ್ದರು. ಕೇಂದ್ರ ಬಿಟ್ಟು ಎಲ್ಲೆಲ್ಲೋ ಹೋದವರು ಐವತ್ತೆಂಟು ಜನ ಉಳಿದಿದ್ದರು. ಅವರನ್ನು ಕೇಳಿಕೊಂಡು ಹುಡುಕುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಗಿರಿಜವ್ವ ಮತ್ತೆ ಕೆಲಸಕ್ಕೆ ಬರಲಿಲ್ಲ. ಬಾ ಎಂದು ಹೇಳಿಕಳಿಸುವ ಧೈರ್ಯ ಮಂದಾಕಿನಿಗೂ ಆಗಲಿಲ್ಲ.

ಸಾವಂತ್ರೆವ್ವ ಸಿಕ್ಕದ್ದು ಎರಡು ತಿಂಗಳ ನಂತರ, ರಾಯಚೂರಿನ ಹತ್ತಿ ಗಿರಣಿಯೊಂದರ ಅಂಗಳದಲ್ಲಿ. ಅರಳೆಯಿಂದ ಕಸ ಆರಿಸುವ ಹೆಂಗಸರ ಸಾಲಿನ ತುದಿಯಲ್ಲಿ ಕೂತಿದ್ದಳು. ತಲೆಯ ಮೇಲೆ, ರೆಪ್ಪೆಯ ಮೇಲೆ ಹತ್ತಿಯ ಎಳೆ.

“ನಿಮ್ಮ ಮಗಾ ನಿಮ್ಮನ್ನ ಹುಡುಕಾಕತ್ತಾರ್ರಿ,” ಎಂದಳು ಮಂದಾಕಿನಿ. “ನೀವು ಕುಷ್ಟಗ್ಯಾಗ ಇದ್ದ ಅಷ್ಟೂ ದಿನಾ ಕೇಳ್ಯಾರ. ತೊಂಬತ್ತಾರು ಸಲ.”

ಸಾವಂತ್ರೆವ್ವ ನಂಬಲಿಲ್ಲ. ಕೈಯಲ್ಲಿನ ಅರಳೆಯಿಂದ ಕಸ ಕೀಳುತ್ತಲೇ ಇದ್ದಳು. “ಸುಳ್ಳು ಹೇಳಬ್ಯಾಡ್ರಿ. ಸಮಾಧಾನ ಮಾಡಾಕ ಬಂದೀರಿ. ನೀವು ಯಾರ್ರಿ? ನಮ್ಮ ಪೈಕಿ ಏನು?”

ಸಾಲಿನ ಹೆಂಗಸರೆಲ್ಲ ಕೆಲಸ ಬಿಟ್ಟು ಇತ್ತ ನೋಡುತ್ತಿದ್ದರು. ಇದು ಅವಳು ಈ ಮಾತು ಹೇಳುತ್ತಿದ್ದ ಮೂವತ್ತನೆಯ ಸಲವೋ ಏನೋ. ಆದರೂ ಪ್ರತಿಸಲದಂತೆ ಈಗಲೂ ಮುಖಕ್ಕೆ ರಕ್ತ ನುಗ್ಗಿತು, ಕಿವಿ ಬಿಸಿಯಾಯಿತು.

“ಪೈಕಿ ಅಲ್ರಿ,” ಎಂದಳು. “ನಿಮ್ಮ ಹೆಸರು ಓದದ ಬಿಟ್ಟಾಕಿ ನಾನು.”

ಹೇಳಿ, ಸಾವಂತ್ರೆವ್ವನ ಮಗನಿಗೆ ಕರೆ ಹಚ್ಚಿ, ಫೋನನ್ನು ಅವಳ ಮಡಿಲಲ್ಲಿಟ್ಟಳು. ಆಚೆಯಿಂದ “ಯವ್ವಾ” ಎಂಬ ದನಿ ಬಂದಾಗ ಎದ್ದು, ಕೇಳಿಸದಷ್ಟು ದೂರ ಹೋಗಿ, ಹತ್ತಿಯ ಮೂಟೆಗಳ ಕಡೆ ಮುಖ ಮಾಡಿ ನಿಂತಳು.